ಓದುಗರ ಪ್ರಶ್ನೆ: ಅಸಲಿ ಫ್ಯಾಮಿಕಾಮ್, ನಮ್ಮ ಮನೆಯ ಕರೆಂಟು

ಪ್ರಶ್ನೆ: ಜಪಾನಿಗೆ ಹೋಗಿದ್ದ ಭಾವ ನಿಂಟೆಂಡೊ ಕಂಪನಿಯ ಅಸಲಿ ಫ್ಯಾಮಿಕಾಮ್ ವಿಡಿಯೋ ಗೇಮ್ ಯಂತ್ರ ತಂದುಕೊಟ್ಟಿದ್ದಾರೆ, ಕೆಂಪು-ಬಿಳಿ ಬಣ್ಣದ್ದು. ಅಡಾಪ್ಟರ್ ಮೇಲೆ 100 ವೋಲ್ಟ್ ಎಂದಿದೆ. ನೇರವಾಗಿ ಹಾಕಬಹುದೇ? ಹಿಂದೆ ಎವಿ ಕೇಬಲ್ ಚುಚ್ಚುವ ಜಾಗವೂ ಇಲ್ಲ. ಟಿವಿಗೆ ಹೇಗೆ ಜೋಡಿಸುವುದು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ದಯವಿಟ್ಟು ಹಾಕಬೇಡಿ. ಇದು 1983ರಲ್ಲಿ ಜಪಾನಿನ ಮನೆಗಳಿಗೆಂದೇ ಮಾಡಿದ ಯಂತ್ರ. ಅಡಾಪ್ಟರ್ ಒಳಗಿರುವುದು ಸಾದಾ ಟ್ರಾನ್ಸ್‌ಫಾರ್ಮರ್. ನಮ್ಮ 230 ವೋಲ್ಟ್ ಕೊಟ್ಟರೆ ಹೊರಗೆ ಬರಬೇಕಾದ್ದಕ್ಕಿಂತ ಎರಡು ಪಟ್ಟು ಮೀರಿ ಬರುತ್ತದೆ, ಸುರುಳಿಯೂ ಸುಡುತ್ತದೆ. ಎರಡು ದಾರಿಗಳಿವೆ. 230ರಿಂದ 100 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದು ಅದರ ಮೇಲೆ ಅದೇ ಅಡಾಪ್ಟರ್ ಬಳಸುವುದು ಒಂದು. 50 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಧಾರಾಳವಾಯಿತು. ಇದಕ್ಕಿಂತ ಸುಲಭದ್ದು ಇಲ್ಲಿಯದೇ 9 ವೋಲ್ಟ್ ಡಿಸಿ, 1 ಆಂಪಿಯರ್ ಅಡಾಪ್ಟರ್. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೇಳಿ ತನ್ನಿ, ಆದರೆ ಪಿನ್ನಿನ ನಡುಭಾಗ ಮೈನಸ್ ಆಗಿರಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳಲ್ಲಿ ನಡುಭಾಗ ಪ್ಲಸ್. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ನಡುವಿನ ತೂತಿಗೂ ಕಪ್ಪನ್ನು ಹೊರಮೈಗೂ ಇಟ್ಟು ನೋಡಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಸರಿ.

12 ವೋಲ್ಟಿನದು ಮನೆಯಲ್ಲಿದೆ ಎಂದು ಅದನ್ನೇ ಚುಚ್ಚಬೇಡಿ. ಒಳಗಿನ 7805 ರೆಗ್ಯುಲೇಟರ್ 5 ವೋಲ್ಟ್ ಮಾತ್ರ ಮುಂದೆ ಬಿಟ್ಟು ಉಳಿದದ್ದನ್ನೆಲ್ಲ ಶಾಖವಾಗಿ ಕಳೆಯುತ್ತದೆ. 9 ವೋಲ್ಟಿನಲ್ಲಿ ಕಳೆಯಬೇಕಾದದ್ದು 4, ಹನ್ನೆರಡರಲ್ಲಿ 7. ಮುಂಬಯಿಯ ಮೇ ತಿಂಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಇನ್ನೂ ದೊಡ್ಡ ಅಪಾಯ ಎನ್‌ಇಎಸ್, ಅಂದರೆ ಫ್ಯಾಮಿಕಾಮಿನ ಅಮೆರಿಕದ ರೂಪದ ಅಡಾಪ್ಟರ್. ಕಂಪನಿ ಒಂದೇ, ಆದರೆ ಅದು ಕೊಡುವುದು 9 ವೋಲ್ಟ್ ಎಸಿ. ಎನ್‌ಇಎಸ್ ಒಳಗೆ ಅದನ್ನು ಡಿಸಿ ಮಾಡುವ ಭಾಗವಿದೆ, ಫ್ಯಾಮಿಕಾಮಿನಲ್ಲಿಲ್ಲ.

ಇನ್ನು ಚಿತ್ರ. ನಿಮ್ಮ ಸೆಟ್ಟಿನಿಂದ ಹೊರಬರುವುದು ಆಂಟೆನಾ ಸಿಗ್ನಲ್ ಮಾತ್ರ, ಅದೂ ಜಪಾನಿನ 1 ಅಥವಾ 2ನೇ ಚಾನೆಲ್ಲಿನಲ್ಲಿ, ಅಂದರೆ 91.25 ಇಲ್ಲವೆ 97.25 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿಯ ಎಷ್ಟೋ ಟಿವಿಗಳು ಆ ಜಾಗವನ್ನು ಹುಡುಕುವುದೇ ಇಲ್ಲ. ಚಿತ್ರ ಸಿಕ್ಕರೂ ಧ್ವನಿ ಬಾರದಿರಬಹುದು: ಅವರ ಪದ್ಧತಿಯಲ್ಲಿ ಧ್ವನಿ ಚಿತ್ರಕ್ಕಿಂತ 4.5 ಮೆಗಾಹರ್ಟ್ಸ್ ಮೇಲಿದ್ದರೆ ನಮ್ಮದರಲ್ಲಿ 5.5. ಆದ್ದರಿಂದ ಎವಿ ಸಾಕೆಟ್ ಕೂರಿಸುವುದೇ ಒಳ್ಳೆಯದು. ಚಿತ್ರದ ಚಿಪ್ಪಿನ 21ನೇ ಕಾಲಿನಲ್ಲಿ ವಿಡಿಯೋ ಸಿಗುತ್ತದೆ, ಆದರೆ ಅಲ್ಲಿಂದ ನೇರ ತಂತಿ ಎಳೆದರೆ ಟಿವಿಯ 75 ಓಮ್ ಭಾರಕ್ಕೆ ಚಿತ್ರ ಮಂಕಾಗುತ್ತದೆ. ನಡುವೆ ಒಂದು ಟ್ರಾನ್ಸಿಸ್ಟರ್ ಬಫರ್ ಬೇಕೇ ಬೇಕು. ಬೆಸುಗೆಯ ಅಭ್ಯಾಸ ಇಲ್ಲದಿದ್ದರೆ ಅನುಭವಿ ಮೆಕ್ಯಾನಿಕ್ ಕೈಗೆ ಕೊಡಿ. ಇನ್ನೂ ಕೊಳ್ಳಬೇಕೆಂದಿರುವವರು 1993ರ ಹೊಸ ಮಾದರಿಯನ್ನು ಹುಡುಕಲಿ, ಅದರಲ್ಲಿ ಎವಿ ಇದ್ದೇ ಇದೆ. ಟಿವಿಯ ಬಣ್ಣದ ಪದ್ಧತಿ ಜಪಾನಿನದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಪಾಲ್ ಮಾತ್ರ ಬಲ್ಲ ಹಳೆಯ ಡಬ್ಬಾ ಟಿವಿಯಲ್ಲಿ ಕಪ್ಪು-ಬಿಳುಪು ಬಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ಪ್ರಶ್ನೆ: ಚಿಕ್ಕಂದಿನಲ್ಲಿ ಲೋಕಲ್ ಸೆಟ್ಟಿನಲ್ಲಿ ಮಾರಿಯೋ ಆಡುತ್ತಿದ್ದೆವು. ಈಗ ಜಪಾನಿ ಯಂತ್ರದಲ್ಲಿ ಅದೇ ಆಟ ಓಡಿಓಡಿ ಹೋದಂತೆ ಅನಿಸುತ್ತದೆ. ವಯಸ್ಸಾಗಿ ಕೈ ನಿಧಾನವಾಯಿತೋ, ಯಂತ್ರದಲ್ಲೇ ದೋಷವೋ?
— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಎರಡೂ ಅಲ್ಲ. ನೀವು ಆಗ ಆಡಿದ್ದೇ ನಿಧಾನದ ಆಟ. ಈ ಆಟಗಳು ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆಯಂತೆ ನಡೆಯುತ್ತವೆ. ಜಪಾನಿ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ಬಿಡಿಸುತ್ತದೆ. ಪಾಲ್ ಟಿವಿಗೆ ಹೊಂದುವಂತೆ ಮಾಡಿದ ನಕಲು ಸೆಟ್ಟುಗಳು ಬಿಡಿಸುತ್ತಿದ್ದುದು 50. ಅಸಲಿಯಲ್ಲಿ 3 ನಿಮಿಷದ ಹಂತ ನಕಲಿಯಲ್ಲಿ 3 ನಿಮಿಷ 36 ಸೆಕೆಂಡ್ ಹಿಡಿಯುತ್ತದೆ. ಹಾಡಿನ ನಡೆಯೂ ಅಷ್ಟೇ ಎಳೆಯುತ್ತಿತ್ತು. ಆದರೆ ಶ್ರುತಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು, ಏಕೆಂದರೆ ಆ ನಕಲುಗಳ ಪ್ರೊಸೆಸರ್ 1.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅಸಲಿಯದು 1.79. ಶ್ರುತಿ ತಪ್ಪದ್ದರಿಂದಲೇ ಅದು ನಿಧಾನ ಎಂದು ಯಾರಿಗೂ ಹೊಳೆಯಲಿಲ್ಲ.

ಪರೀಕ್ಷಿಸುವುದು ಸುಲಭ. 1985ರ ಸೂಪರ್ ಮಾರಿಯೋ ಬ್ರದರ್ಸ್ ಹಾಕಿ, ಮೊದಲ ಹಂತದ ಆರಂಭದಲ್ಲೇ ಅಲುಗಾಡದೆ ನಿಲ್ಲಿ. ಮೇಲಿನ ಟೈಮ್ 400ರಿಂದ 300ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಒಂದು ಅಂಕಿಗೆ 24 ಚಿತ್ರ. 40 ಸೆಕೆಂಡ್ ಬಂದರೆ ಸೆಟ್ 60ರದ್ದು, 48 ಬಂದರೆ 50ರದ್ದು. ಹಳೆಯ ಸೆಟ್ ಕೊಳ್ಳುವಾಗಲೂ ಜುನಾ ಬಜಾರಿನಲ್ಲೇ ಈ ಪರೀಕ್ಷೆ ಮಾಡಬಹುದು, ಮಾರುವವರು ಟಿವಿ ಹಚ್ಚಿ ತೋರಿಸಿದರೆ. ಜಿಗಿತ ತಡವಾಗಿ ಆಗುತ್ತಿದ್ದರೆ ಅದು ಬೇರೆ ಸಮಸ್ಯೆ, ಎಲ್‌ಸಿಡಿ ಟಿವಿಯದು. ಗೇಮ್ ಮೋಡ್ ಹಾಕಿ; ಚಿತ್ರ ನಯಗೊಳಿಸುವ ಸೌಲಭ್ಯಗಳನ್ನೆಲ್ಲ ಆರಿಸಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ತೆಗೆದರೆ ಅರ್ಧ ಕ್ಯಾಸೆಟ್‌ಗಳು ಓಡುವುದಿಲ್ಲ, ಪರದೆಯ ಮೇಲೆ ಬರೀ ಚೌಕಗಳು. ಊದಿದರೆ ಕೆಲವೊಮ್ಮೆ ಬರುತ್ತವೆ.
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಊದುವುದನ್ನು ಇವತ್ತೇ ಬಿಡಿ. ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಒಂದಕ್ಕೊಂದು ತೀಡಿಕೊಳ್ಳುತ್ತವೆ, ಕೆಲಸ ಆಗುವುದು ಅದರಿಂದ. ಉಸಿರಿನ ತೇವ ಕಿಲುಬನ್ನು ಬೆಳೆಸುತ್ತದೆ, ಕಡಲ ಉಪ್ಪುಗಾಳಿಯ ಊರಿನಲ್ಲಂತೂ ಬೇಗ.

99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೆಡಿಕಲ್ ಅಂಗಡಿಯ 70 ಶೇಕಡಾದ್ದರಲ್ಲಿ ನೀರು ಹೆಚ್ಚು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ಪಿನ್ನಿನ ಉದ್ದಕ್ಕೆ ಒರೆಸಿ. ಫ್ಯಾಮಿಕಾಮ್ ಕ್ಯಾಸೆಟ್ಟಿಗೆ 60 ಪಿನ್, ಪ್ರತಿ ಬದಿಗೆ 30. ಎರಡೂ ಬದಿ ಮಾಡಬೇಕು. ಕಡ್ಡಿ ಕಪ್ಪಾಗುವುದು ನಿಂತ ಮೇಲೆ 10 ನಿಮಿಷ ಒಣಗಲು ಬಿಡಿ. ರಬ್ಬರ್ ಉಜ್ಜುವುದು ಕಡೆಯ ಉಪಾಯ: ಅಸಲಿ ಕ್ಯಾಸೆಟ್ಟಿನ ಚಿನ್ನದ ಲೇಪ ತೀರ ತೆಳು, ಪೆನ್ಸಿಲ್ ರಬ್ಬರಿನಿಂದ ಎರಡು ಎಳೆತ ಸಾಕು, ಶಾಯಿ ಅಳಿಸುವ ರಬ್ಬರ್ ಬೇಡವೇ ಬೇಡ. ಕ್ಯಾಸೆಟ್ ಎಷ್ಟು ಶುಚಿಯಾದರೂ ಯಂತ್ರದ ಬಾಯಿ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ವಿಸಿಟಿಂಗ್ ಕಾರ್ಡಿಗೆ ತೆಳು ಬಟ್ಟೆ ಒಂದೇ ಸುತ್ತು ಸುತ್ತಿ, ಅದೇ ದ್ರವ ತಾಗಿಸಿ, ಕರೆಂಟ್ ತೆಗೆದು, ನಾಲ್ಕೈದು ಸಲ ಒಳಗೆ-ಹೊರಗೆ ಮಾಡಿ. ದಪ್ಪವಾದರೆ ಒಳಗಿನ ಪಿನ್ನುಗಳು ಅಗಲಿ ಹಿಡಿತ ಕಳೆದುಕೊಳ್ಳುತ್ತವೆ.

ಜೂನ್ ಬರುವ ಮೊದಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎತ್ತಿಡಿ; ಬಣ್ಣ ಬದಲಿಸುವ ಬಗೆಯದಾದರೆ ಯಾವಾಗ ಬಿಸಿಮಾಡಿ ಒಣಗಿಸಬೇಕೆಂದು ತಿಳಿಯುತ್ತದೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಹಾಳುಮಾಡುತ್ತದೆ.

ಪ್ರಶ್ನೆ: ಬಾತುಕೋಳಿ ಹೊಡೆಯುವ ಬಂದೂಕು ಹೊಸ ಟಿವಿಯಲ್ಲಿ ಕೆಲಸ ಮಾಡುತ್ತಿಲ್ಲ.
— ಓದುಗರೊಬ್ಬರು, ಮಡಗಾಂವ್

ಉತ್ತರ: ಮಾಡುವುದೂ ಇಲ್ಲ. ಕುದುರೆ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣು ಆ ಬೆಳಕನ್ನು ಅದೇ ಕ್ಷಣ ಹಿಡಿಯಬೇಕು. ಎಲ್‌ಸಿಡಿ ಅದನ್ನು ತಡವಾಗಿ ತೋರಿಸುತ್ತದೆ, ಡಬ್ಬಾ ಟಿವಿಯಂತೆ ಗೆರೆಗೆರೆಯಾಗಿ ಮಿನುಗಿಸುವುದೂ ಇಲ್ಲ. ಹಳೆಯ ಟಿವಿಯೇ ಬೇಕು. ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ ಆಡಿ.

ಪ್ರಶ್ನೆ: ಸೂಪರ್ ಫ್ಯಾಮಿಕಾಮಿನ ಮಾರಿಯೋ ವರ್ಲ್ಡ್‌ನಲ್ಲಿ ಆಟ ಸೇವ್ ಆಗುತ್ತಿಲ್ಲ.
— ಓದುಗರೊಬ್ಬರು, ಮಾಟುಂಗಾ

ಉತ್ತರ: ಒಳಗಿನ ಸಿಆರ್2032 ಸೆಲ್ ಮುಗಿದಿದೆ, 1990ರ ಆಟ ಅದು. ಇಂಥ ಕ್ಯಾಸೆಟ್ಟುಗಳ ವಿಶೇಷ ಸ್ಕ್ರೂಗೆಂದೇ ಇರುವ 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರಿನಿಂದ ತೆರೆಯಿರಿ. ಬರಿಯ ಸೆಲ್ಲಿಗೆ ಬೆಸುಗೆ ಹಾಕಬೇಡಿ, ಬಿಸಿಗೆ ಅದು ಸಿಡಿಯಬಹುದು. ಕಾಲುಪಟ್ಟಿ ಅಂಟಿಸಿಯೇ ಬರುವ ಸೆಲ್ ಕೇಳಿ ತನ್ನಿ, ಬೋರ್ಡಿನ ಮೇಲಿನ ಪ್ಲಸ್ ಗುರುತು ನೋಡಿಕೊಂಡು ಕೂರಿಸಿ. ಹೊಸದರಲ್ಲಿ 3 ವೋಲ್ಟಿಗೆ ಕಡಿಮೆ ತೋರಿಸಿದರೆ ಅಂಗಡಿಗೆ ವಾಪಸ್ ಕೊಡಿ.