ಗೋಪುರ ಹೋಯ್ತು, ಮುಳ್ಳು ಉಳೀತು

ಕದ್ರಿಯಿಂದ ಕಾಗದ ಬರೆದ ಓದುಗರಿಗೆ ನಮಸ್ಕಾರ. ಮಗಳ ಕಪಾಟಿನಲ್ಲಿದ್ದ ಮರಿಸಾ ಮೆಯರ್ ಅವರ ‘ಕ್ರೆಸ್’ ಕಾದಂಬರಿ ತೆಗೆದು ಓದ್ಲಿಕ್ಕೆ ಕೂತ್ರಂತೆ, ಮರುಭೂಮಿ ಬರುವಷ್ಟರಲ್ಲಿ ಸಾಕಾಗಿ ಬಿಟ್ರಂತೆ. ‘ಗೋಪುರದಲ್ಲಿ ಸೆರೆಯಿದ್ದ ಉದ್ದ ಕೂದಲಿನ ಪಾಪದ ರಪುಂಜೆಲ್‌ಳನ್ನು ಸ್ಯಾಟಲೈಟಿನಲ್ಲಿ ಕೂರಿಸಿ ಒಳ್ಳೆ ಕತೆ ಹಾಳು ಮಾಡಿದ್ದಾರೆ, ಇದನ್ನು ಹೊಗಳಿ ಬರೆದದ್ದು ಎಂತಕ್ಕೆ’ ಅಂತ ಕೇಳಿದ್ದೀರಿ. ಹೊಗಳಿದ್ದು ನಾನೇ, ಹಾಗಾಗಿ ಬೈಗುಳವೂ ನನಗೇ ಸೇರ್ಬೇಕು.

ಒಂದು ತಪ್ಪು ಮೊದಲೇ ಒಪ್ತೇನೆ. ಇದು ಹಳೇ ಕತೆಗಳನ್ನು ಮುಂದಿನ ಕಾಲಕ್ಕೆ ತಂದು ಹೇಳುವ ಒಂದು ಸರಣಿಯ ಮೂರನೇ ಪುಸ್ತಕ (2014) ಅಂತ ನಾನು ದೊಡ್ಡದಾಗಿ ಬರೀಬೇಕಿತ್ತು. 2012ರ ‘ಸಿಂಡರ್’ನಲ್ಲಿ ಸಿಂಡ್ರೆಲ್ಲಾ ಅರ್ಧ ಯಂತ್ರದ ಮೆಕ್ಯಾನಿಕ್ ಹುಡುಗಿ, ಮರುವರ್ಷದ್ದರಲ್ಲಿ ಕೆಂಪು ಟೊಪ್ಪಿಯವಳು, ಅವರಿಬ್ಬರೂ ಇಲ್ಲಿಗೆ ಬಂದು ಸೇರ್ತಾರೆ. ಸೀದಾ ಮೂರನೆಯದ್ದಕ್ಕೆ ಕೈ ಹಾಕಿದ್ರೆ ಯಕ್ಷಗಾನದ ಆಟಕ್ಕೆ ರಾತ್ರಿ ಎರಡು ಗಂಟೆಗೆ ಹೋಗಿ ಕೂತ ಹಾಗೆ, ವೇಷ ಚಂದ ಕಾಣ್ತದೆ ಆದ್ರೆ ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಾಗುದಿಲ್ಲ. ಜನ ಜಾಸ್ತಿ ಆಯ್ತು ಅನ್ನುವ ನಿಮ್ಮ ದೂರೂ ಸರಿಯೇ, ನನಗೂ ನಡುವಲ್ಲಿ ಸುಸ್ತಾಗಿತ್ತು.

ಆದ್ರೆ ಹಾಳು ಮಾಡಿದ್ದಾರೆ ಅನ್ನುದನ್ನು ಮಾತ್ರ ಒಪ್ಲಿಕ್ಕಾಗುದಿಲ್ಲ ಮಾರಾಯ್ರೆ. ಹಳೇ ಕತೆ ಶುರುವಾಗುದು ಎಲ್ಲಿಂದ? ಬಸುರಿಯ ಬಯಕೆಯಿಂದ. ಪಕ್ಕದ ಮಾಟಗಾತಿಯ ತೋಟದ ಸೊಪ್ಪು ತಿನ್ನದೆ ಇರ್ಲಿಕ್ಕಾಗುದಿಲ್ಲ ಅಂತ ಅವಳ ಹಟ, ಗಂಡ ಗೋಡೆ ಹಾರಿ ಕದ್ದು ತಂದ, ಸಿಕ್ಕಿಬಿದ್ದ, ಹುಟ್ಟಿದ ಮಗುವನ್ನೇ ಕೊಡಬೇಕಾಯ್ತು. ರಪುಂಜೆಲ್ ಅಂದ್ರೆ ಆ ಸೊಪ್ಪಿನದ್ದೇ ಹೆಸರು, ನಮ್ಮ ಊರಲ್ಲಾದ್ರೆ ಹುಡುಗಿಗೆ ಬಸಳೆ ಅಂತ ಇಡ್ತಿದ್ರೋ ಏನೋ. ಈಗ ಕ್ರೆಸ್ ನೋಡಿ. ಕಾದಂಬರಿಯಲ್ಲಿ ಅದು ‘ಕ್ರೆಸೆಂಟ್ ಮೂನ್’, ಅಂದ್ರೆ ಬಾಗಿದ ಚಂದ್ರ, ಅನ್ನುವ ಹುಡುಗಿಯ ಹೆಸರಿನ ತುಂಡು, ಆದ್ರೆ ಕ್ರೆಸ್ ಅಂದ್ರೂ ಸೊಪ್ಪೇ! ಬಾಣಂತಿಗೆ ಆಳ್ವಿ ಬೀಜದ ಪಾಯಸ ಮಾಡಿ ಕೊಡ್ತಾರಲ್ಲ, ಅದೇ ಗಿಡ.

ಮತ್ತೆ ಅವಳ ಕೂದಲು ಹಿಡಿದು ಗೋಪುರ ಹತ್ತುವ ಆ ರಾಜಕುಮಾರ. ಹಳೇ ಕತೆ ಒಟ್ಟುಮಾಡಿದ ಜರ್ಮನಿಯ ಗ್ರಿಮ್ ಸಹೋದರರ ಕತೆಯಲ್ಲಿ ಅವನು ಗೋಪುರದಿಂದ ಹಾರ್ತಾನೆ, ಕೆಳಗಿನ ಮುಳ್ಳು ಕಣ್ಣಿಗೆ ಚುಚ್ಚಿ ಕುರುಡನಾಗ್ತಾನೆ. ಇಲ್ಲಿ ಏಳು ವರ್ಷ ಒಬ್ಬಳೇ ಕೂತಿದ್ದ ಹುಡುಗಿಯ ಸ್ಯಾಟಲೈಟ್ ಸಹಾರಾದಲ್ಲಿ ಬೀಳ್ತದೆ, ಜೊತೆಗಿದ್ದ ಕ್ಯಾಪ್ಟನ್‌ಗೆ ತಲೆಗೆ ಪೆಟ್ಟಾಗಿ ಕಣ್ಣು ಹೋಗ್ತದೆ. ಅವನ ಹೆಸರು ಥಾರ್ನ್, ಅಂದ್ರೆ ಮುಳ್ಳು, ಹೇಳಿದ್ರೆ ಕಿವಿಗೆ ಬೀಳುದು ಅದೇ. ನೀವು ಪುಸ್ತಕ ಮಡಚಿಟ್ಟದ್ದು ಸರಿಯಾಗಿ ಈ ಜಾಗದಲ್ಲಿ! ಉದ್ದ ಕೂದಲು ಕತ್ತರಿಸುದೂ ಹಳೇ ಕತೆಯಲ್ಲಿ ಸಿಟ್ಟಿನಿಂದ ಮಾಟಗಾತಿ, ಇಲ್ಲಿ ಮರಳಲ್ಲಿ ನಡೀಲಿಕ್ಕಾಗ್ಲಿ ಅಂತ ಕಣ್ಣು ಕಾಣದ ಇವನು. ಅದೇ ಕೂದಲು, ಅದೇ ಕತ್ತರಿ ಕೆಲಸ, ಒಂದು ಕಡೆ ಶಿಕ್ಷೆ ಇನ್ನೊಂದು ಕಡೆ ಬಿಡುಗಡೆ. ನಾನು ಹೊಗಳಿದ್ದು ಇದನ್ನೇ.

‘ಮೂಲ ಕತೆ’ ಅಂತೀರಲ್ಲ, ಯಾವ ಮೂಲ? 1634ರಲ್ಲಿ ಅಚ್ಚಾದ ನೇಪಲ್ಸ್‌ನ ಕತೆಗಾರ ಬಸೀಲೆಯ ಇಂಥದ್ದೇ ಕತೆಯಲ್ಲಿ ಹುಡುಗಿ ಮೂರು ಮಂತ್ರದ ಕಾಯಿ ಹಿಡ್ಕೊಂಡು ಓಡಿಹೋಗ್ತಾಳೆ, ಬೆನ್ನಟ್ಟಿದ ರಾಕ್ಷಸಿಯನ್ನು ಕೊನೆಗೆ ತೋಳ ತಿಂತದೆ. ಗ್ರಿಮ್‌ರ 1812ರ ಆವೃತ್ತಿಯಲ್ಲಿ ಹುಡುಗಿ ಬಟ್ಟೆ ಯಾಕೋ ಬಿಗಿ ಆಗ್ತಾ ಉಂಟು ಅಂತ ಮುಗ್ಧವಾಗಿ ಹೇಳಿ ಸಿಕ್ಕಿಬೀಳ್ತಾಳೆ. ಮಕ್ಕಳ ಪುಸ್ತಕದಲ್ಲಿ ಬಸುರಿನ ಮಾತು ಬೇಡ ಅಂತ ಮುಂದಿನ ಆವೃತ್ತಿಗಳಲ್ಲಿ ಅವರೇ ಅದನ್ನು ತೆಗೆದ್ರು. ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ನಮ್ಮ ತಾಳಮದ್ದಲೆಯಲ್ಲಿ ಪದ್ಯ ಅದೇ ಇರ್ತದೆ, ವಾಲಿ ಪ್ರತಿ ಸಲ ರಾಮನಿಗೆ ಹೊಸ ಪ್ರಶ್ನೆ ಹಾಕ್ತಾನೆ, ಕತೆ ಹಾಳಾಯ್ತು ಅಂತ ನೀವೇನು ಎದ್ದು ಬರ್ತೀರಾ?

ಹಳೇ ಕತೆಯಲ್ಲಿ ಅವಳ ಕಣ್ಣೀರು ಬಿದ್ದು ಅವನ ಕಣ್ಣು ಬರ್ತದೆ. ಇಲ್ಲಿ ಎಂತ ಆಗ್ತದೆ ಅಂತ ಹೇಳುದಿಲ್ಲ, ಉಳಿದ ಅರ್ಧ ಓದಿ. ಅದಕ್ಕೂ ಮೊದಲು ಮಗಳ ಹತ್ರ ‘ಸಿಂಡರ್’ ಉಂಟಾ ಕೇಳಿ, ಇಲ್ಲದಿದ್ರೆ ಉಡುಪಿಗೆ ಬಂದಾಗ ನಮ್ಮ ಆಫೀಸಿಂದ ನನ್ನ ಕಾಪಿ ತಕೊಂಡು ಹೋಗಿ. ವಾಪಸ್ ಕೊಡ್ಬೇಕು ಮತ್ತೆ, ಹಿಂದಿನ ಸಲ ಒಬ್ಬರು ತಕೊಂಡು ಹೋದದ್ದು ಇನ್ನೂ ಬಂದಿಲ್ಲ.

– ಸಂ.