ಸಂಪಾದಕರ ಉತ್ತರ: ಚಿಕ್ಕ ಕಾಲೇಜು ಗೆದ್ರೆ ಅದು ಬರೀ ಲಕ್ಕಾ?

ಡಾಲಸ್‌ನಲ್ಲಿರೋ ಓದುಗರೊಬ್ಬರ ಪತ್ರ: "ಮಾರ್ಚ್ ಬಂತು ಅಂದ್ರೆ ಇಲ್ಲಿ ಆಫೀಸ್ ತುಂಬ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ ಮಾತೇ. 2023ರಲ್ಲಿ ಯಾವುದೋ ಚಿಕ್ಕ ಕಾಲೇಜು, ದೊಡ್ಡ ಹೆಸರಿನ ಪರ್ಡ್ಯೂ ಕಾಲೇಜನ್ನ ಸೋಲಿಸಿದ್ದನ್ನ ಈಗ್ಲೂ ಹೇಳ್ಕೊಂಡು ಕುಣೀತಾರೆ. ನಂಗೇನೋ ಇದು ಬರೀ ಲಕ್ ಅನ್ಸುತ್ತೆ. 40 ನಿಮಿಷದ ಒಂದೇ ಮ್ಯಾಚ್, ಸೋತ್ರೆ ಮನೆಗೆ. ವೃತ್ತಿಪರರ ಲೀಗ್ ಎನ್‌ಬಿಎ ತರ ಏಳು ಮ್ಯಾಚ್ ಆಡಿಸಿದ್ರೆ ಈ ಚಿಕ್ಕವರ ಕತೆ ಮುಗೀತು, ಅಲ್ವಾ?"

ಸರ್, ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಏಳು ಮ್ಯಾಚ್ ಆದ್ರೆ ಬಹುಪಾಲು ದೊಡ್ಡವರೇ ಗೆಲ್ತಾರೆ. ಅವತ್ತು ಪರ್ಡ್ಯೂ 26 ತ್ರೀ (ದೂರದಿಂದ ಹಾಕೋ, ಮೂರು ಪಾಯಿಂಟಿನ ಎಸೆತ) ಎಸೆದು 5 ಮಾತ್ರ ಹಾಕ್ತು, ಇನ್ನೂ ಮೂರು ಬಿದ್ದಿದ್ರೆ ಫಲಿತಾಂಶನೇ ಬೇರೆ ಇರ್ತಿತ್ತೇನೋ. ಒಪ್ಪಿದೆ. ಆದ್ರೆ ಆ "ಯಾವುದೋ ಚಿಕ್ಕ ಕಾಲೇಜು" ಅಂದ್ರಲ್ಲ, ಅದಕ್ಕೆ ಹೆಸರಿದೆ, ಫೇರ್‌ಲೀ ಡಿಕಿನ್ಸನ್, ನ್ಯೂ ಜೆರ್ಸಿಯದ್ದು. ಆ ಮ್ಯಾಚನ್ನ ಒಂದ್ಸಲ ಪೂರ್ತಿ ನೋಡಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೀರಿ.

ಪರ್ಡ್ಯೂ ಕಡೆ ಜ್ಯಾಕ್ ಈಡಿ, 7 ಅಡಿ 4 ಇಂಚು, ಆ ವರ್ಷದ ದೇಶದ ಅತ್ಯುತ್ತಮ ಆಟಗಾರ. ಈ ಕಡೆ ಇಡೀ ಡಿವಿಷನ್ ಒಂದರಲ್ಲೇ (ಕಾಲೇಜು ಆಟದ ಮೇಲಿನ ದರ್ಜೆ) ಅತಿ ಕುಳ್ಳರ ಟೀಮು, ಬಾಲ್ ತಂದು ಆಟ ನಡೆಸೋ ಪಾಯಿಂಟ್ ಗಾರ್ಡ್ ಡಿಮೀಟ್ರಿ ರಾಬರ್ಟ್ಸ್ 5 ಅಡಿ 8 ಇಂಚು. ಇವರು ಮಾಡಿದ್ದೇನು ಗೊತ್ತಾ? ಈಡಿ ಹಿಂದೆ ನಿಂತು ಬಾಲ್ ತಡೆಯೋಕೆ ಹೋಗ್ಲೇ ಇಲ್ಲ, ಅದು ಆಗದ ಕೆಲಸ ಅಂತ ಗೊತ್ತಿತ್ತು. ಒಬ್ಬ ಅವನ ಮುಂದೆ ನಿಂತ, ಬಾಲ್ ಕೈಗೇ ಸಿಗಬಾರದು ಅಂತ, ಇನ್ನೊಬ್ಬ ಹಿಂದಿಂದ ಬಂದ, ಉಳಿದವರು ಬಾಲ್ ತರೋ ಹುಡುಗರನ್ನ ಕೋರ್ಟ್ ಉದ್ದಕ್ಕೂ ಅಟ್ಟಿಸ್ಕೊಂಡು ಹೋದ್ರು. ಪರ್ಡ್ಯೂ 16 ಸಲ ಬಾಲ್ ಕಳ್ಕೊಳ್ತು. ಈಡಿ 21 ಪಾಯಿಂಟ್ ಮಾಡಿದ, ಮಾಡ್ಕೊಳ್ಳಲಿ ಬಿಡಿ, ಮ್ಯಾಚ್ 63-58ಕ್ಕೆ ಕುಳ್ಳರದ್ದು. ಇದರಲ್ಲಿ ಲಕ್ ಎಷ್ಟು, ತಯಾರಿ ಎಷ್ಟು, ನೀವೇ ಹೇಳಿ.

ಇನ್ನೊಂದು ವಿಷಯ. ಫೇರ್‌ಲೀ ಡಿಕಿನ್ಸನ್ ಅದರ ಹಿಂದಿನ ವರ್ಷ ಗೆದ್ದಿದ್ದು 4, ಸೋತಿದ್ದು 22. ಆಮೇಲೆ ಟೋಬಿನ್ ಆಂಡರ್ಸನ್ ಕೋಚ್ ಆಗಿ ಡಿವಿಷನ್ ಎರಡರಿಂದ ಬಂದ್ರು, ಬರುವಾಗ ತಮ್ಮ ಹಳೇ ಟೀಮಿನ ರಾಬರ್ಟ್ಸ್‌ನ, ಇನ್ನೂ ಕೆಲವರನ್ನ ಕರ್ಕೊಂಡು ಬಂದ್ರು. ಅಂದ್ರೆ ಈ ಹುಡುಗರಿಗೆ ಆ ಆಟ ಹೊಸದಲ್ಲ, ವರ್ಷಗಟ್ಟಲೆ ಆಡಿ ಮೈಗೆ ಹತ್ತಿದ್ದು. 2025ರಲ್ಲಿ ಡ್ರೇಕ್ ಕಾಲೇಜಿಂದೂ ಇದೇ ಕತೆ. ಕೋಚ್ ಬೆನ್ ಮೆಕಾಲಮ್ ಡಿವಿಷನ್ ಎರಡರಲ್ಲಿ ನಾಲ್ಕು ಸಲ ಚಾಂಪಿಯನ್ ಮಾಡಿಸಿದವರು, ಅಲ್ಲಿಂದ ನಾಲ್ಕು ಹುಡುಗರನ್ನ ಜೊತೆಗೇ ತಂದ್ರು. ಆ ಟೀಮು ಆಡ್ತಿದ್ದ ರೀತಿ ನೋಡಬೇಕಿತ್ತು, ಇಡೀ ದೇಶದಲ್ಲೇ ನಿಧಾನ, ಅವಸರವೇ ಇಲ್ಲ, ಬಾಲ್ ಇಟ್ಕೊಂಡು ಎದುರಾಳಿಗೆ ತಾಳ್ಮೆ ಹೋಗೋವರೆಗೂ ಪಾಸ್ ಮಾಡ್ತಾ ಇರೋದು. ಎರಡೂ ಕಡೆಗೂ ಬಾಲ್ ಹಿಡಿದು ದಾಳಿ ಮಾಡೋ ಸರದಿ ಕಮ್ಮಿ ಸಿಕ್ಕಷ್ಟೂ ದೊಡ್ಡವರ ಬಲ ಕೆಲಸಕ್ಕೆ ಬರೋ ಅವಕಾಶವೂ ಕಮ್ಮಿ, ಇದು ಕೂತು ಹಾಕಿದ ಲೆಕ್ಕ ಸರ್. ದೊಡ್ಡ ಕಾಲೇಜು ಮಿಸೌರಿನ 67-57ಕ್ಕೆ ಸೋಲಿಸಿದ್ರು.

ಪ್ರಿನ್ಸ್‌ಟನ್ ಕೋಚ್ ಪೀಟ್ ಕರಿಲ್ ಇದನ್ನ ಎಷ್ಟೋ ವರ್ಷ ಮುಂಚೆನೇ ಮಾಡಿದ್ರು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. 1996ರಲ್ಲಿ ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ, 41-41, ಕೆಲವೇ ಸೆಕೆಂಡ್ ಬಾಕಿ. ಪ್ರಿನ್ಸ್‌ಟನ್‌ನ ಗೇಬ್ ಲೆವುಲ್ಲಿಸ್ ಹೊರಗೆ ಬರೋ ತರ ಮಾಡಿ, ಅವನನ್ನ ತಡೀತಿದ್ದ ಎದುರಾಳಿ ಮುಂದೆ ಬಂದ ತಕ್ಷಣ ಅವನ ಬೆನ್ನ ಹಿಂದಿಂದ ಬುಟ್ಟಿ ಕಡೆ ನುಗ್ಗಿದ, ಪಾಸ್ ಬಂತು, ಬುಟ್ಟಿ ಪಕ್ಕದಿಂದಲೇ ಹಾಕಿದ, 43-41. ಆ ಒಂದು ನುಗ್ಗಾಟನ ಪ್ರಿನ್ಸ್‌ಟನ್ ಹುಡುಗರು ದಿನಾ ಪ್ರಾಕ್ಟೀಸಲ್ಲಿ ಮಾಡ್ತಿದ್ರು, ಯುಸಿಎಲ್‌ಎಗೂ ಗೊತ್ತಿತ್ತು ಅದು ಬರುತ್ತೆ ಅಂತ, ಆದ್ರೂ ತಡೆಯೋಕಾಗ್ಲಿಲ್ಲ.

2018ರಲ್ಲಿ ಮೇರಿಲ್ಯಾಂಡ್‌ನ ಯುಎಂಬಿಸಿ, ಚೆಸ್‌ಗೆ ಹೆಸರಾದ ಕಾಲೇಜು, ದೇಶದ ನಂಬರ್ ಒನ್ ವರ್ಜಿನಿಯಾನ 74-54ಕ್ಕೆ ಹೊಡೀತು. ಅರ್ಧಕ್ಕೆ 21-21 ಇದ್ದಿದ್ದು. ಇಪ್ಪತ್ತು ಪಾಯಿಂಟಿನ ಗೆಲುವನ್ನೂ ಲಕ್ ಅಂದ್ರೆ ನಾನೇನು ಹೇಳ್ಲಿ. 2024ರಲ್ಲಿ ಕೆಂಟಕಿಯ ಎಳೇ ಹುಡುಗರ ಮುಂದೆ ಓಕ್‌ಲ್ಯಾಂಡ್‌ನ ಜ್ಯಾಕ್ ಗೋಲ್ಕಿ ಹತ್ತು ತ್ರೀ ಹಾಕಿದ, ಗೆದ್ದಿದ್ದು ಓಕ್‌ಲ್ಯಾಂಡ್. ಕೆಂಟಕಿ ತುಂಬ ಒಂದು ವರ್ಷ ಆಡಿ ಎನ್‌ಬಿಎಗೆ ಹೋಗೋ ಹುಡುಗರು, ಗೋಲ್ಕಿ ಡಿವಿಷನ್ ಎರಡರಲ್ಲಿ ವರ್ಷಗಳು ಕಳೆದು ಬಂದವನು. ಪ್ರತಿಭೆ ಆ ಕಡೆ ಜಾಸ್ತಿ, ಪಕ್ವತೆ ಈ ಕಡೆ ಜಾಸ್ತಿ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲಿ. ಚಿಕ್ಕ ಕಾಲೇಜಿನ ಬಲ ಅಂದ್ರೆ ಒಟ್ಟಿಗೆ ಕಳೆದ ವರ್ಷಗಳು, ಈಗ ದುಡ್ಡು ಅದನ್ನೇ ಕಿತ್ಕೊಳ್ತಿದೆ. 2021ರಿಂದ ಆಟಗಾರರು ತಮ್ಮ ಹೆಸರಿಂದ, ಜಾಹೀರಾತು ಅಂತೆಲ್ಲ, ದುಡಿಯಬಹುದು (ಅದು ಅವರ ಹಕ್ಕು, ನನ್ನ ತಕರಾರು ಅದಕ್ಕಲ್ಲ), ಕಾಲೇಜು ಬದಲಾಯಿಸಿದ್ರೆ ಒಂದು ವರ್ಷ ಆಡದೆ ಕೂರಬೇಕು ಅನ್ನೋದೂ ಹೋಯ್ತು. 2025ರಿಂದ ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೂ ಆಟಗಾರರಿಗೆ ಕೊಡಬಹುದು, ಕೊಡೋ ತಾಕತ್ತಿರೋದು ಯಾರಿಗೆ? ಒಬ್ಬ ಉತ್ತು ಬಿತ್ತಿ ಬೆಳೆದ ಫಸಲನ್ನ ಇನ್ನೊಬ್ಬ ಲಾರಿ ತಂದು ತುಂಬ್ಕೊಂಡು ಹೋದ ಹಾಗೆ. ಆಂಡರ್ಸನ್ ಆ ಗೆಲುವಾದ ಕೆಲವೇ ದಿನಕ್ಕೆ ಐಯೋನಾ ಕಾಲೇಜಿಗೆ ಹೋದ್ರು. ಮೆಕಾಲಮ್ ದೊಡ್ಡ ಕಾಲೇಜು ಅಯೋವಾಗೆ ಹೋದ್ರು, ಡ್ರೇಕ್‌ನ ಜೀವಾಳ ಆಗಿದ್ದ ಬೆನೆಟ್ ಸ್ಟರ್ಟ್ಸ್‌ನೂ ಅವರ ಹಿಂದೆ. ಅವರನ್ನ ಬೈಯಲ್ಲ, ಆದ್ರೆ ಉಳಿದ ಡ್ರೇಕ್‌ಗೆ ಏನು ಸಿಕ್ತು?

ನಮ್ಮ ಪತ್ರಿಕೆಗಳ ಕ್ರೀಡಾ ಪುಟಕ್ಕೂ ಇದೇ ರೋಗ. ದೊಡ್ಡ ಹೆಸರು ಎಡವಿದ್ರೆ ಅರ್ಧ ಪುಟ, ಎಡವಿಸಿದವನು ಯಾರು, ಎಲ್ಲಿಂದ ಬಂದ, ಹೇಗೆ ಕಲಿತ ಅಂತ ಎರಡು ಸಾಲಿಲ್ಲ.

ನಿಮ್ಮ ವಾದಕ್ಕೆ ಒಂದೇ ಪ್ರಶ್ನೆ ಸರ್. 2025ರಲ್ಲಿ ಕೊನೇ 16ಕ್ಕೆ ಬಂದ ಟೀಮುಗಳೆಲ್ಲ ನಾಲ್ಕೇ ದೊಡ್ಡ ಕಾನ್ಫರೆನ್ಸ್‌ನವು (ಕಾಲೇಜುಗಳು ತಮ್ಮ ತಮ್ಮಲ್ಲಿ ಆಡೋ ಗುಂಪುಗಳು), ಒಬ್ಬನೇ ಒಬ್ಬ ಚಿಕ್ಕವನಿಲ್ಲ. ಆಗ್ಲೂ ಅದೇ 40 ನಿಮಿಷ, ಅದೇ ಒಂದು ಮ್ಯಾಚ್, ಸೋತ್ರೆ ಅದೇ ಮನೆ ದಾರಿ. ಎಲ್ಲಾ ಲಕ್ಕೇ ಆಗಿದ್ರೆ ಆ ಲಕ್ ಅವತ್ತೆಲ್ಲಿ ಹೋಗಿತ್ತು?

— ಸಂ.