ಜೀಪಿನ ಬಾಡಿ ಎತ್ತರಿಸಲು ಯಾವ ಸ್ಪೇಸರ್ ಸೂಕ್ತ?

ಚಿತ್ರದುರ್ಗದ ಸುತ್ತಲಿನ ಕಲ್ಲುದಾರಿಗಳಿಗಾಗಿ ಜೀಪಿನ ಬಾಡಿಯನ್ನು 2 ಇಂಚು ಎತ್ತರಿಸಲು ಸ್ಪೇಸರ್ ಆಗಿ, ಅಂದರೆ ಬಾಡಿಗೂ ಅದರ ಕೆಳಗಿನ ಚೌಕಟ್ಟಾದ ಚಾಸಿಗೂ ನಡುವೆ ಇಡುವ ತುಂಡಾಗಿ, ಮರ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಮರ ಬೇಡ. ಅದು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ನಮ್ಮ ಬೇಸಿಗೆಗೆ ಒಣಗಿ ಸೀಳುತ್ತದೆ, ಆಗ ಬೋಲ್ಟ್ ಸಡಿಲವಾಗುತ್ತದೆ. ಲೇತ್‌ನಲ್ಲಿ ಕಡೆಸಿದ ಗಟ್ಟಿ ನೈಲಾನ್ ಅಥವಾ ಅಲ್ಯೂಮಿನಿಯಂ ಸ್ಪೇಸರ್‌ಗಳನ್ನು, ಮೂಲ ರಬ್ಬರ್ ಬುಷ್‌ಗಳನ್ನು ಉಳಿಸಿಕೊಂಡೇ, ಚಾಸಿಗೂ ಬಾಡಿಗೂ ನಡುವೆ ಕೂರಿಸಿ, ಅಷ್ಟೇ ಉದ್ದ ಹೆಚ್ಚಿರುವ, ತಲೆಯ ಮೇಲೆ 10.9 ಎಂದು (ಇದು ಬೋಲ್ಟಿನ ಬಲದ ದರ್ಜೆ) ಅಚ್ಚಾಗಿರುವ ಬೋಲ್ಟ್‌ಗಳನ್ನು ಬಳಸಿ. ಎತ್ತುವ ಮುನ್ನ ಸ್ಟೀರಿಂಗ್ ಶಾಫ್ಟ್, ಬ್ರೇಕ್ ಪೈಪ್, ಡೀಸೆಲ್ ತುಂಬುವ ಕೊಳವೆ, ಅರ್ಥಿಂಗ್ ತಂತಿ ಇವುಗಳಿಗೆ ಸಾಕಷ್ಟು ಸಡಿಲವಿದೆಯೇ ಎಂದು ನೋಡಲೇಬೇಕು. ರೇಡಿಯೇಟರ್ ಬಾಡಿಯೊಡನೆ ಮೇಲೆದ್ದರೆ ಫ್ಯಾನಿನ ರೆಕ್ಕೆ ಅದರ ಕವಚಕ್ಕೆ ತಾಗಬಹುದು. ಆರ್‌ಟಿಒ ಕಚೇರಿಯಲ್ಲಿಯೂ ಮೊದಲೇ ವಿಚಾರಿಸಿ. ಈ ಕೆಲಸದಿಂದ ದೊಡ್ಡ ಟೈರಿಗೆ ಜಾಗ ಸಿಗುತ್ತದೆಯೇ ಹೊರತು, ಟೈರ್ ಬದಲಿಸದೆ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಗುಂಡು) ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ.